ಅವ್ವ ಮಲಗುವ ಜಾಗ

ಹಲಸಂಗಿ ಎಂದರೆ ಕನ್ನಡ ಓದಿದವರಿಗೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ನೆನಪಾಗುತ್ತಾರೆ. ಬೀಸುಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಂಗಸರು ಹಾಡಿಕೊಂಡಿದ್ದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಹೊರತಂದ ಗೆಳೆಯರ ಬಳಗ ಅದು. ನಮ್ಮ ಅವ್ವ ಈ ಊರಿಗೆ ಸೊಸೆಯಾಗಿ ಬಂದದ್ದು ಅದಕ್ಕೂ ಬಹಳ ವರ್ಷ ಆಮೇಲೆ. ಆದರೂ ಆಗಿನ್ನೂ ಬೀಸುಕಲ್ಲು ಮೂಲೆ ಸೇರಿರಲಿಲ್ಲವಾದ್ದರಿಂದ ಅವಳಿಗೂ ಬೀಸುವ ಪದ ಬಾಯಿಪಾಠ ಇದ್ದವು. ಗಿರಣಿ ಬಂದ ಮೇಲೆ ಕಾಳು ಹಸನು ಮಾಡುವಾಗ, ಎಮ್ಮೆ ಹಿಂಡುವಾಗ ಹಾಡುತ್ತಿದ್ದಳು. ಹಾಡುತ್ತಿದ್ದ ಅವ್ವನಿಗೆ ಕಿವಿ ಮಂದವಾದ ಮೇಲೆ ಅವಳಿಗಾಗಿ ನಮ್ಮ ಮನೆಗೆ ಒಂದು ಫೈರ್ ಅಲಾರಂ ಹಾಕಿದೆವು. ಅದನ್ನು ಹೇಗೆ ಆರಿಸಿದೆವು, ಎಲ್ಲೆಲ್ಲಿ ಕೂರಿಸಿದೆವು ಅನ್ನುವುದನ್ನು ಬರೆದಿಡಬೇಕು ಅನ್ನಿಸುತ್ತಲೇ ಇತ್ತು.

ಕಿವಿ ಒಮ್ಮೆಲೇ ಹೋಗಲಿಲ್ಲ. ಮೊದಲು ಕುಕ್ಕರಿನ ಸೀಟಿ ಕೇಳದಾಯಿತು. ಆಮೇಲೆ ಮೊಬೈಲಿನ ರಿಂಗು, ಆಮೇಲೆ ಮೊಮ್ಮಗಳ ಎಳೆಯ ದನಿ. ಆದರೆ ಓಣಿಯಲ್ಲಿ ಹಲಗಿ ಬಡಿದರೆ ತಿರುಗಿ ನೋಡುತ್ತಿದ್ದಳು. ಟ್ರ್ಯಾಕ್ಟರ್ ಬಂದರೆ, ಎಮ್ಮೆ ಒದರಿದರೆ ಏಳುತ್ತಿದ್ದಳು. ಓಣಿಯ ಕೆಲವರು ‘ಮುದುಕಿಗೆ ಬೇಕಾದಷ್ಟ ಕೇಳಸತೈತಿ’ ಅಂತ ನಗುವುದಿತ್ತು. ಅದು ಅವಳ ಇಷ್ಟಾನಿಷ್ಟದ ಮಾತಾಗಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಚೂಪು ಸ್ವರಗಳನ್ನು. ದಪ್ಪ ಸ್ವರಗಳು ಬಹಳ ಕಾಲ ಉಳಿಯುತ್ತವೆ. ಮುಂದೆ ಅಲಾರಂ ಕೂಗುವ ಹೂಟರ್ ಆರಿಸುವಾಗ ಎಲ್ಲ ಪುಸ್ತಕಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅವಳ ಕಿವಿಯ ಈ ನಡತೆಯೇ.

ಕೊರೊನಾ ಕಳೆದ ಮೇಲಿನ ಒಂದು ಬೇಸಿಗೆಯಲ್ಲಿ ನಮ್ಮ ಹಿತ್ತಲಿನ ಕಣಕಿ ಬಣವಿಗೆ ರಾತ್ರಿ ಬೆಂಕಿ ಬಿತ್ತು. ಅಣ್ಣ, ವೈನಿ ಲಗ್ನಕ್ಕೆಂದು ಝಳಕಿಗೆ ಹೋಗಿದ್ದರು. ಅವ್ವ ಒಬ್ಬಳೇ ಪಡಸಾಲಿಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಒಳಗಿಂದ ಅಗಳಿ ಹಾಕಿತ್ತು. ಓಣಿಯೆಲ್ಲ ಎದ್ದು ‘ಬೆಂಕಿ ಬಿತ್ತೋ’ ಎಂದು ಒದರಿದರು, ಕದಕ್ಕೆ ಕಲ್ಲು ಬಡಿದರು. ಅವಳು ಏಳಲಿಲ್ಲ. ನಮ್ಮ ಕಡೆ ಮಾಳಿಗೆಗಳು ಒಂದಕ್ಕೊಂದು ಹತ್ತಿಕೊಂಡೇ ಇರುತ್ತವೆ. ಪಕ್ಕದ ಮನೆಯ ಹುಡುಗ ಅವರ ಮಾಳಿಗೆಯಿಂದ ನಮ್ಮ ಮಾಳಿಗೆಗೆ ದಾಟಿ, ಬೆಳಕಿಂಡಿಯ ಹಲಗೆ ಕಿತ್ತು, ಹಗ್ಗ ಬಿಟ್ಟುಕೊಂಡು ಇಳಿದ. ಅವ್ವನ ಭುಜ ಹಿಡಿದು ಅಲುಗಿಸಿದಾಗಲೇ ಅವಳಿಗೆ ಎಚ್ಚರ. ಅಷ್ಟೊತ್ತಿಗೆ ಅಡಿಗೆಮನೆಯ ಕಿಟಕಿಯಿಂದ ಹೊಗೆ ಒಳಗೆ ಬಂದು ಜಂತಿಯ ಕೆಳಗೆ ಪದರುಗಟ್ಟಿತ್ತು. ಕದ ತೆಗೆದು ಅವಳನ್ನು ಹೊರಗೆ ಕರೆತಂದ. ದನ ಬಿಟ್ಟರು. ಒಂದು ಕರು ಉಳಿಯಲಿಲ್ಲ. ಅವ್ವ ಅಂಗಳದಲ್ಲಿ ಕೂತು ಒಂದೇ ಮಾತು ಕೇಳಿದಳಂತೆ: ‘ಇಷ್ಟ ಮಂದಿ ಯಾವಾಗ ಬಂದ್ರೋ ತಮ್ಮಾ?’

ನಾನಾಗ ಪುಣೆಯಲ್ಲಿದ್ದೆ. ವಿಜಯಪುರದಲ್ಲಿ ಐಟಿಐ ಮುಗಿಸಿದವನಿಗೆ ಅನ್ನ ಹಾಕಿದ್ದು ಇದೇ ಕಸುಬು: ಹಿಂಜವಡಿಯ ಆಫೀಸುಗಳಲ್ಲಿ, ಚಾಕಣದ ಕಾರ್ಖಾನೆಗಳಲ್ಲಿ ಫೈರ್ ಅಲಾರಂ ಪ್ಯಾನಲ್ ಕೂರಿಸುವುದು, ಡಿಟೆಕ್ಟರ್ ಜೋಡಿಸುವುದು, ವರ್ಷಕ್ಕೊಮ್ಮೆ ತಪಾಸಣೆ ಮಾಡುವುದು. ಸುದ್ದಿ ಕೇಳಿ ಊರಿಗೆ ಬಂದವನು ಅವ್ವನ ಪಕ್ಕ ಕೂತು ಜಂತಿ ನೋಡಿದೆ. ಮಸಿ ಹಿಡಿದಿತ್ತು. ಗಾಜಿನ ಕಟ್ಟಡಗಳಿಗೆ ಮಾಡುವ ಈ ಕೆಲಸವನ್ನು ಮಣ್ಣಿನ ಮನೆಗೂ ಮಾಡಿಯೇ ತೀರಬೇಕು ಎಂದು ಅಲ್ಲೇ ಅನ್ನಿಸಿತು.

ಮೊದಲು ಎಲ್ಲರೂ ಹೇಳಿದ್ದು ಸೆಲ್ಲಿನ ಅಲಾರಂ ತರಲು. ಅಂಗೈಯಗಲದ್ದು, ಮೊಳೆ ಹೊಡೆದು ತೂಗುಹಾಕಿದರೆ ಆಯಿತು. ಬಾಡಿಗೆ ಖೋಲಿಗೆ ಅದು ಒಳ್ಳೆಯದೇ. ಆದರೆ ಸೆಲ್ಲು ಮುಗಿಯುತ್ತ ಬಂದಾಗ ಅದು ಆಗಾಗ ‘ಚಿಕ್’ ಎನ್ನುತ್ತದೆ. ಆ ಚಿಕ್ ಎನ್ನುವುದು ಕೇಳದ ಮನುಷ್ಯಳಿಗಾಗಿಯೇ ನಾವು ಅದನ್ನು ತರಬೇಕಿತ್ತು. ಅಲ್ಲದೆ ಅಂಥವುಗಳ ಕೂಗು ಸಾಮಾನ್ಯವಾಗಿ 3000 ಹರ್ಟ್ಸ್‌ನ ಆಸುಪಾಸು, ಅಂದರೆ ಅವ್ವನ ಕಿವಿ ಮೊದಲು ಕಳೆದುಕೊಂಡ ಜಾಗದಲ್ಲೇ. ಇನ್ನು ತಂತಿಯಿಲ್ಲದೆ ರೇಡಿಯೋದಲ್ಲಿ ಮಾತಾಡಿಕೊಳ್ಳುವ ಡಿಟೆಕ್ಟರುಗಳು ಬಂದಿವೆ. ನಮ್ಮ ಮನೆಯ ಗೋಡೆ ಕಲ್ಲು ಮಣ್ಣಿನದು, ಎರಡು ಮೊಳಕ್ಕಿಂತ ದಪ್ಪ. ಪಡಸಾಲಿಯಿಂದ ಅಡಿಗೆಮನೆಗೆ ಹೋದರೆ ಮೊಬೈಲಿನ ಸಿಗ್ನಲ್ಲೇ ಸಾಯುತ್ತದೆ. ಹೀಗಾಗಿ ತಂತಿಯೇ ಸರಿ ಎಂದು ನಿಕ್ಕಿ ಮಾಡಿದೆ. ಎರಡು ಝೋನಿನ ಸಾದಾ ಪ್ಯಾನಲ್, ನಾಲ್ಕಾರು ಡಿಟೆಕ್ಟರ್, ಕೈಯಿಂದ ಒತ್ತುವ ಒಂದು ಬ್ರೇಕ್ ಗ್ಲಾಸ್, ಹೂಟರ್ ಮತ್ತು ಮಿಂಚುವ ಸ್ಟ್ರೋಬ್ ದೀಪ ಕೂಡಿದ ಎರಡು ಪೆಟ್ಟಿಗೆ, ಕೆಂಪು ಕವಚದ ಕೇಬಲ್ಲು. ಎಲ್ಲ ಸೇರಿ ಖರ್ಚು ಒಂದು ಹಾಲು ಕರೆಯುವ ಆಕಳಿನ ಬೆಲೆಗೂ ಕಡಿಮೆ. ಅಣ್ಣನಿಗೆ ಹಾಗೆಯೇ ಹೇಳಿದೆ, ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಪ್ರಶ್ನೆ ಇದ್ದದ್ದು ನನಗೆ. ನಿಯಮದ ಪುಸ್ತಕಗಳೆಲ್ಲ ಮಲಗುವ ಕೋಣೆ ಎಂಬುದೊಂದು ಇದೆ ಎಂದು ಹಿಡಿದು ಬರೆದಂಥವು. ಅಲಾರಂ ಪದ್ಧತಿಗೆ ನಮ್ಮ ದೇಶದ ಮಾನಕ ಐಎಸ್ 2189. ಮಲಗಿದವರ ತಲೆಯ ಹತ್ತಿರ 75 ಡೆಸಿಬೆಲ್ ಸಪ್ಪಳ ಇರಬೇಕು ಎಂಬ ಲೆಕ್ಕ ಅಲ್ಲಿಯದು. ತಲೆ ಎಲ್ಲಿರುತ್ತದೆ? ನಮ್ಮ ಮನೆಯಲ್ಲಿ ಮಲಗುವ ಕೋಣೆಯೇ ಇಲ್ಲ. ಮಳೆಗಾಲದಲ್ಲಿ ಅವ್ವ ಪಡಸಾಲಿಯಲ್ಲಿ, ಚಳಿಗಾಲದಲ್ಲಿ ಅಡಿಗೆಮನೆಯ ಬಾಗಿಲ ಹತ್ತಿರ ಒಲೆಯ ಕಾವಿಗೆ, ಯುಗಾದಿ ಕಳೆದರೆ ಮಾಳಿಗೆಯ ಮೇಲೆ ಇಲ್ಲವೇ ಅಂಗಳದಲ್ಲಿ. ಹೊರಸು ಅವಳ ಜೊತೆಗೆ ತಿರುಗುತ್ತದೆ. ಪುಣೆಯಲ್ಲಿ ನಾನು ನಕ್ಷೆ ಹಿಡಿದು ಡಿಟೆಕ್ಟರಿಗೆ ಗುರುತು ಹಾಕುತ್ತಿದ್ದೆ. ಇಲ್ಲಿ ವೈನಿಯನ್ನು ಕೂಡಿಸಿಕೊಂಡು ವರ್ಷದ ಹನ್ನೆರಡು ತಿಂಗಳು ಅವ್ವ ಎಲ್ಲೆಲ್ಲಿ ಮಲಗುತ್ತಾಳೆ, ತಲೆ ಯಾವ ದಿಕ್ಕಿಗೆ ಹಾಕುತ್ತಾಳೆ ಎಂದು ಬರೆದುಕೊಂಡೆ. ಅಲಾರಂ ಆರಿಸುವ ಕೆಲಸ ಅಲ್ಲಿಂದ ಶುರುವಾಗಬೇಕು ಎಂಬುದು ಇಷ್ಟು ವರ್ಷದ ಮೇಲೂ ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಗೆ ಹೋಗುವುದಕ್ಕೆ ಮೊದಲು ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಅವರಲ್ಲಿ ಯಾರಿಗೆ ತಾವಾಗಿ ಏಳಲು ಆಗುವುದಿಲ್ಲ ಅನ್ನುವುದು ಗೊತ್ತಿರಬೇಕು.

ಹೂಟರಿನ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಹೂಟರಿನ ಹಿಂಬದಿ ತೆಗೆದರೆ ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್ಚುಗಳ ಸಾಲು ಇರುತ್ತದೆ. ಅವನ್ನು ಹಿಂದೆ ಮುಂದೆ ಮಾಡಿದರೆ ಕೂಗು ಬದಲಾಗುತ್ತದೆ. ಕೆಲವಕ್ಕೆ ಮೂವತ್ತೆರಡು ಬಗೆಯ ಕೂಗು. ಒಂದು ಮಧ್ಯಾಹ್ನ ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿ, ಅವಳ ಬೆನ್ನ ಹಿಂದೆ ಒಂದಷ್ಟು ದೂರ ನಿಂತು, ಬ್ಯಾಟರಿಗೆ ಹಚ್ಚಿ ಒಂದೊಂದೇ ಕೂಗಿಸಿದೆ. ಕೇಳಿಸಿದರೆ ಕೈ ಎತ್ತು ಎಂದು ಮೊದಲೇ ಸನ್ನೆಯಲ್ಲಿ ಹೇಳಿದ್ದೆ. ಚೂಪಾದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು, ಮಕ್ಕಳು ಕಿವಿ ಮುಚ್ಚಿಕೊಂಡರು. ಅವ್ವ ಸುಮ್ಮನೆ ಕೂತಿದ್ದಳು. ಮೇಲೆ ಕೆಳಗೆ ತೂಗುವ ಕೂಗಿಗೆ ಕೈ ಅರ್ಧ ಎದ್ದಿತು. ಆಮೇಲೆ 500 ಹರ್ಟ್ಸ್‌ನ ಆಸುಪಾಸಿನ ಒಂದು ದಪ್ಪ ದನಿಗೆ ಬಂದೆ. ಹೊರಗಿನವರಿಗೆ ಅದು ಅಷ್ಟೇನೂ ದೊಡ್ಡದೆನಿಸಲಿಲ್ಲ. ಅವ್ವ ಕೈ ಎತ್ತುವುದನ್ನೂ ಬಿಟ್ಟು ತಿರುಗಿಯೇ ನೋಡಿದಳು. ‘ಇದು ಎದಿಗೆ ಬಡೀತೈತಿ ನೋಡಪಾ’ ಅಂದಳು. ಅದನ್ನೇ ಇಟ್ಟೆ.

ಇದು ಅವಳೊಬ್ಬಳ ಮಾತಲ್ಲ ಎಂದು ನನಗೆ ಆಮೇಲೆ ಓದಿ ತಿಳಿಯಿತು. ಆಸ್ಟ್ರೇಲಿಯಾದ ಡೊರೊಥಿ ಬ್ರಕ್ ಮತ್ತು ಇಯಾನ್ ಥಾಮಸ್ ಎಂಬ ಸಂಶೋಧಕರು ಕಿವಿ ಮಂದವಾದವರನ್ನು ಮಲಗಿಸಿ, ಗಾಢ ನಿದ್ದೆಯಲ್ಲಿದ್ದಾಗ ಬೇರೆ ಬೇರೆ ಅಲಾರಂ ಹಚ್ಚಿ ಯಾವುದಕ್ಕೆ ಏಳುತ್ತಾರೆ ಎಂದು ಪರೀಕ್ಷಿಸಿದ್ದರು. ಅವರ ವರದಿ ಬಂದದ್ದು 2007ರಲ್ಲಿ. 520 ಹರ್ಟ್ಸ್‌ನ ದಪ್ಪ ದನಿಗೆ 92 ಪ್ರತಿಶತ ಮಂದಿ ಎದ್ದರು. ಬರೀ ಸ್ಟ್ರೋಬ್ ಬೆಳಕಿಗೆ ಎದ್ದವರು 27 ಪ್ರತಿಶತ. ಈ ಅಂಕಿ ನನ್ನನ್ನು ನಿಜಕ್ಕೂ ನಿಲ್ಲಿಸಿತು. ಕಿವಿ ಕೇಳದವರಿಗೆ ಬೆಳಕು ಹಚ್ಚಿದರೆ ಮುಗಿಯಿತು ಎಂದು ನಮ್ಮ ಕಸುಬಿನಲ್ಲಿ ಸಲೀಸಾಗಿ ಹೇಳುತ್ತಾರೆ. ಎಚ್ಚರವಿದ್ದವರಿಗೆ ಅದು ಸರಿ. ಮುಚ್ಚಿದ ರೆಪ್ಪೆಯ ಮೇಲೆ ಬಿದ್ದ ಬೆಳಕು ಎಬ್ಬಿಸುತ್ತದೆ ಎಂಬ ಭರವಸೆ ಇಲ್ಲ. ಹಾಗಿದ್ದರೂ ಸ್ಟ್ರೋಬ್ ಬಿಡಲಿಲ್ಲ, ಯಾಕೆಂದರೆ ಅವ್ವ ಹಗಲೂ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಹಗಲಿನಲ್ಲಿ ಆ ಬೆಳಕೇ ಅವಳಿಗೆ ಸುದ್ದಿ.

ಸ್ಟ್ರೋಬ್ ಕೊಳ್ಳಲು ಸೊಲ್ಲಾಪುರಕ್ಕೆ ಹೋದೆ. ನಮ್ಮ ಕಡೆಯವರಿಗೆ ದೊಡ್ಡ ಸಂತೆಯೆಂದರೆ ಸೊಲ್ಲಾಪುರವೇ. ಅಂಗಡಿಯಲ್ಲಿ ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ನಡೆಯುತ್ತದೆ. ತೋರಿಸಿದ್ದೆಲ್ಲ ಕೆಂಪು ಗಾಜಿನವು. ಬೆಂಕಿಗೆ ಕೆಂಪು ಎಂದು ಮನಸ್ಸು ಒಪ್ಪುತ್ತದೆ, ಆದರೆ ಕೆಂಪು ಗಾಜು ಬೆಳಕಿನ ಬಹುಪಾಲು ನುಂಗುತ್ತದೆ. ಬಿಳಿ ಬೆಳಕು ಬೇಕೆಂದು ಹಟ ಹಿಡಿದೆ. ಬೆಳಕಿನ ತೀವ್ರತೆ ಎಷ್ಟು ಕ್ಯಾಂಡೆಲಾ ಎಂದು ಕೇಳಿದರೆ ಡಬ್ಬಿಯ ಮೇಲೆ ಬರೆದೇ ಇರಲಿಲ್ಲ. ಅಮೆರಿಕದ ಎನ್‌ಎಫ್‌ಪಿಎ 72 ಎಂಬ ನಿಯಮದಲ್ಲಿ ಮಲಗುವ ಜಾಗಕ್ಕೆ 110 ಕ್ಯಾಂಡೆಲಾ ಬೇಕು. ಛಾವಣಿಗೆ ಎರಡು ಅಡಿಗಿಂತ ಹತ್ತಿರ ಹಾಕಿದರೆ 177 ಬೇಕು, ಯಾಕೆಂದರೆ ಹೊಗೆ ಮೊದಲು ಮೇಲೆ ಸೇರಿ ಬೆಳಕನ್ನು ಮಂಕು ಮಾಡುತ್ತದೆ. ನಮ್ಮ ಜಂತಿಯ ಕೆಳಗಿನ ಮಸಿ ನೋಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೊನೆಗೆ ಕ್ಯಾಂಡೆಲಾ ಅಚ್ಚಾದ ಬಿಳಿ ಸ್ಟ್ರೋಬ್ ಪುಣೆಯಿಂದ ತರಿಸಿದೆ, ಜಂತಿಯಿಂದ ಎರಡೂವರೆ ಅಡಿ ಕೆಳಗೆ, ಹೊರಸಿನ ಕಾಲ ಕಡೆಯ ಗೋಡೆಗೆ ಹಾಕಿದೆ. ಇನ್ನೊಂದು ಅಂಗಳಕ್ಕೆ, ಮಳೆ ನೀರು ಒಳಗೆ ಹೋಗದಂಥದ್ದು. ಮಿಂಚು ಸೆಕೆಂಡಿಗೆ ಒಂದೆರಡು ಸಲ ಮಾತ್ರ ಇರಬೇಕು. ಎರಡು ಸ್ಟ್ರೋಬ್ ಒಂದೇ ನೋಟಕ್ಕೆ ಬಿದ್ದು ಹೊಂದಾಣಿಕೆಯಿಲ್ಲದೆ ಮಿನುಗಿದರೆ ಮೂರ್ಛೆರೋಗ ಇದ್ದವರಿಗೆ ಅಪಾಯ. ನಮ್ಮ ಎರಡರ ನಡುವೆ ಗೋಡೆ ಇರುವ ಹಾಗೆ ನೋಡಿಕೊಂಡೆ.

ಡಿಟೆಕ್ಟರುಗಳ ವಿಷಯದಲ್ಲಿ ಪುಣೆಯ ವಿದ್ಯೆ ಅರ್ಧ ಕೆಲಸಕ್ಕೆ ಬಂತು. ಹೊಗೆ ಹಿಡಿಯುವ ಡಿಟೆಕ್ಟರಿನೊಳಗೆ ಕತ್ತಲೆಯ ಚಿಕ್ಕ ಗೂಡು ಇರುತ್ತದೆ. ಅದರೊಳಗೆ ಹೊಗೆಯ ಕಣ ಹೊಕ್ಕರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಆ ಕಣ್ಣಿಗೆ ಬಣವಿಯ ಹೊಗೆಗೂ ಕುಳ್ಳಿನ ಹೊಗೆಗೂ ಭೇದವಿಲ್ಲ. ವೈನಿ ಗ್ಯಾಸಿನ ಮೇಲೆ ಸಾರು ಮಾಡಿದರೂ ರೊಟ್ಟಿಗೆ ಮಾತ್ರ ಒಲೆಯೇ ಬೇಕು, ಒಲೆಗೆ ಹತ್ತಿಕಟಗಿ. ಸಂಜೆ ದನಗಳಿಗೆ ಸೊಳ್ಳೆ ಕಡಿಯಬಾರದೆಂದು ಗ್ವಾದಲಿಯ ಮುಂದೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ. ಈ ಎರಡು ಕಡೆ ಹೊಗೆಯ ಡಿಟೆಕ್ಟರ್ ಹಾಕಿದರೆ ದಿನಾ ಕೂಗುತ್ತದೆ, ದಿನಾ ಕೂಗುವುದನ್ನು ಜನ ಎಂಟು ದಿನದಲ್ಲಿ ಕಿತ್ತು ಇಡುತ್ತಾರೆ. ಅಲ್ಲಿ ಶಾಖಕ್ಕೆ ಏಳುವ ಡಿಟೆಕ್ಟರ್ ಹಾಕಿದೆ. ಪಡಸಾಲಿಗೆ ಹೊಗೆಯದು. ಪಡಸಾಲಿಯಲ್ಲೂ ತೊಲೆಗಳು ಕೆಳಗೆ ಇಳಿದು ಮನೆಯನ್ನು ಅಂಕಣ ಅಂಕಣವಾಗಿ ಕತ್ತರಿಸಿವೆ. ಒಂದು ಅಂಕಣದಲ್ಲಿ ಸೇರಿದ ಹೊಗೆ ತುಂಬಿ ತುಳುಕಿದ ಮೇಲೆಯೇ ಮುಂದಿನ ಅಂಕಣಕ್ಕೆ ಹೋಗುವುದು. ಅದಕ್ಕೆ ಅಡಿಗೆಮನೆಯ ಕಡೆಯ ಅಂಕಣಕ್ಕೊಂದು, ಅವ್ವನ ಅಂಕಣಕ್ಕೊಂದು. ಬೆಳಕಿಂಡಿಯ ನೇರ ಕೆಳಗೆ ಬೇಡ, ಹೊಗೆ ಡಿಟೆಕ್ಟರನ್ನು ಮುಟ್ಟದೆ ಹೊರಟುಹೋಗುತ್ತದೆ. ಮೇಲ್ಮುದ್ದೆಯ ಮಣ್ಣು ಜಂತಿಯ ಸಂದಿನಿಂದ ಉದುರುತ್ತಲೇ ಇರುತ್ತದಾದ್ದರಿಂದ ತಿಂಗಳಿಗೊಮ್ಮೆ ಕುಂಚದಿಂದ ಧೂಳು ತೆಗೆಯುವ ಕೆಲಸ ಮೊಮ್ಮಗಳಿಗೆ ಬಂತು.

ತಂತಿ ಎಳೆಯಲು ಊರ ಕಡೆಯ ಒಬ್ಬ ವೈರಮನ್ ಬಂದಿದ್ದ. ಕೈ ಬಲು ಚುರುಕು. ಜಂತಿಗೆ ಕೊಳವೆ ಹೊಡೆದ ರೀತಿ ನೋಡಿದರೆ ಪುಣೆಯವರಿಗೂ ನಾಚಿಕೆಯಾಗಬೇಕು. ಆದರೆ ಹೂಟರಿನ ತಂತಿಯನ್ನು ಅವನು ಬಲ್ಬಿಗೆ ಎಳೆಯುವ ಹಾಗೆ ಎಳೆದಿದ್ದ: ನಡುವೆ ತಂತಿ ಸುಲಿದು ಜೋಡು ಕೊಟ್ಟು ಅಂಗಳಕ್ಕೆ ಒಂದು ಕವಲು. ತಂತಿಯ ಕೊನೆಗೆ ಕೂರಿಸಲು ಕೊಟ್ಟಿದ್ದ ಪುಟ್ಟ ರೆಸಿಸ್ಟರನ್ನು ಪ್ಯಾನಲಿನ ಒಳಗೇ ಸಿಕ್ಕಿಸಿದ್ದ. ಪ್ಯಾನಲಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು, ಎಲ್ಲ ಸರಿಯಾಗಿದೆ ಎಂಬಂತೆ.

ಅವನನ್ನು ಪಕ್ಕ ಕೂಡಿಸಿಕೊಂಡು ಬಿಡಿಸಿ ಹೇಳಿದೆ. ಬೆಂಕಿ ಇಲ್ಲದ ಹೊತ್ತಿನಲ್ಲೂ ಪ್ಯಾನಲ್ ಸುಮ್ಮನಿರುವುದಿಲ್ಲ. ಹೂಟರಿನ ತಂತಿಯಲ್ಲಿ ಉಲ್ಟಾ ದಿಕ್ಕಿನಲ್ಲಿ ಸಣ್ಣ ಕರೆಂಟು ಹರಿಸುತ್ತಿರುತ್ತದೆ. ಹೂಟರಿನೊಳಗಿನ ಡಯೋಡ್ ಅದನ್ನು ತಡೆಯುತ್ತದೆ, ಆದ್ದರಿಂದ ಕೂಗುವುದಿಲ್ಲ. ಆ ಕರೆಂಟು ಕೊನೆಯ ರೆಸಿಸ್ಟರಿನವರೆಗೆ ಹೋಗಿ ತಿರುಗಿ ಬಂದರೆ ತಂತಿ ನೆಟ್ಟಗಿದೆ ಎಂದು ಪ್ಯಾನಲಿಗೆ ಗೊತ್ತಾಗುತ್ತದೆ. ಬೆಂಕಿ ಬಿದ್ದಾಗ ದಿಕ್ಕು ತಿರುಗಿಸಿ 24 ವೋಲ್ಟ್ ಪೂರ್ತಿ ಕೊಡುತ್ತದೆ, ಆಗ ಹೂಟರ್ ಕೂಗುತ್ತದೆ. ರೆಸಿಸ್ಟರನ್ನು ಪ್ಯಾನಲಿನಲ್ಲೇ ಇಟ್ಟರೆ ಕರೆಂಟು ಪ್ಯಾನಲ್ ಬಿಟ್ಟು ಹೊರಗೇ ಹೋಗುವುದಿಲ್ಲ. ಆಚೆ ಹೆಗ್ಗಣ ತಂತಿ ಕಡಿದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಕವಲು ಒಡೆದ ತಂತಿಯ ಗತಿಯೂ ಅದೇ. ಅದಕ್ಕೇ ತಂತಿ ಒಂದು ಹೂಟರಿಗೆ ಒಳಗೆ ಹೋಗಿ, ಅದರಿಂದ ಹೊರಟು, ಮುಂದಿನದಕ್ಕೆ ಹೋಗಿ, ಕೊನೆಯದರಲ್ಲಿ ರೆಸಿಸ್ಟರಿಗೆ ಮುಗಿಯಬೇಕು. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಅಂದ್ರ ಇದು ತಂತೀನ ಕಾಯ್ತೈತಿ ಅನ್ರೀ’ ಅಂದ. ಕವಲು ತೆಗೆದು ಮತ್ತೆ ಎಳೆದ. ಎಳೆದಾದ ಮೇಲೆ ನಾನು ಹೇಳದಿದ್ದರೂ ತಾನೇ ಅಂಗಳದ ಹೂಟರಿನ ಒಂದು ಎಳೆ ಬಿಚ್ಚಿ, ಪ್ಯಾನಲಿನ ಮುಂದೆ ಬಂದು ದೋಷ ತೋರುವ ಹಳದಿ ದೀಪ ಹತ್ತಿತೇ ಎಂದು ನೋಡಿದ. ಹತ್ತಿತ್ತು. ಆ ಪರೀಕ್ಷೆಯನ್ನು ಹಣ ಕೊಟ್ಟು ಅಲಾರಂ ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ ತಮ್ಮ ಕಣ್ಣೆದುರಿಗೆ ಮಾಡಿಸಿಕೊಳ್ಳಬೇಕು. ದೊಡ್ಡ ದೊಡ್ಡ ಕಟ್ಟಡಗಳಲ್ಲೂ ರೆಸಿಸ್ಟರ್ ಪ್ಯಾನಲಿನಲ್ಲೇ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ.

ಕರೆಂಟಿನ ಮಾತು ಬೇರೆ. ಬೇಸಿಗೆಯ ಗಾಳಿಮಳೆಗೆ ಕಂಬ ಬಿದ್ದರೆ ನಮ್ಮ ಕಡೆ ರಾತ್ರಿಯಿಡೀ ಕತ್ತಲು, ಕೆಲವೊಮ್ಮೆ ಮರುದಿನವೂ. ಪ್ಯಾನಲಿಗೆ 12 ವೋಲ್ಟಿನ ಎರಡು ಮುಚ್ಚಿದ ಬ್ಯಾಟರಿ ಸಾಲಾಗಿ ಜೋಡಿಸಿದೆ, ತಲಾ 7 ಆಂಪಿಯರ್ ಅವರ್. ಸುಮ್ಮನಿದ್ದಾಗ ಪ್ಯಾನಲ್ ತಿನ್ನುವುದು ಸುಮಾರು 0.1 ಆಂಪಿಯರ್. ಒಂದು ಹಗಲು ಒಂದು ರಾತ್ರಿ ಕಾದು, ಆಮೇಲೆ ಅರ್ಧ ಗಂಟೆ ಕೂಗಿದರೂ ಮೂರು ಆಂಪಿಯರ್ ಅವರ್ ದಾಟುವುದಿಲ್ಲ. ಉಳಿದದ್ದು ಬ್ಯಾಟರಿ ಹಳತಾಗುವುದಕ್ಕೆ ಬಿಟ್ಟ ಜಾಗ. ತಂತಿ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ್ದು. ಅದಕ್ಕಿಂತ ಸಪೂರ ತಂತಿ ಎಳೆದರೆ, ಬ್ಯಾಟರಿ ಇಳಿದ ಹೊತ್ತಿನಲ್ಲಿ ಕೊನೆಯ ಹೂಟರಿಗೆ ವೋಲ್ಟೇಜ್ ಸಾಲದೆ ದನಿ ಕುಗ್ಗುತ್ತದೆ. ಕೊನೆಯ ಹೂಟರ್ ಅವ್ವ ಬೇಸಿಗೆಯಲ್ಲಿ ಮಲಗುವ ಅಂಗಳದ್ದು.

ಎಲ್ಲ ಮುಗಿದ ಮೇಲೆ ಬ್ರೇಕ್ ಗ್ಲಾಸ್ ಒತ್ತಿ ಕೂಗಿಸಿದಾಗ ಮೊದಲು ಬೆದರಿದ್ದು ಎತ್ತು. ಕಣ್ಣಿ ಹರಿಯುವಂತೆ ಜಗ್ಗಿತು. ಅಣ್ಣ ಅದರ ಕೊರಳು ತಬ್ಬಿ ನಿಂತ. ಪಡಸಾಲಿಯ ಹೂಟರನ್ನು ಗ್ವಾದಲಿಯಿಂದ ದೂರ, ಒಳಗೋಡೆಗೆ ಸರಿಸಿದೆ. ಪ್ರತಿ ಅಮಾವಾಸ್ಯೆಯ ದಿನ ನಡುಹಗಲಿಗೆ ಒಂದು ಗಳಿಗೆ ಕೂಗಿಸುವುದೆಂದು ಗೊತ್ತು ಮಾಡಿದೆವು. ಹೊಲದ ಕೆಲಸಕ್ಕೆ ಎತ್ತು ಹೂಡದ ದಿನ ಅದು, ಯಾರೂ ಮರೆಯುವುದಿಲ್ಲ. ಈಗ ಎತ್ತು ಕಿವಿಯಾಡಿಸಿ ಸುಮ್ಮನಾಗುತ್ತದೆ. ಅಲಾರಂ ಆದಾಗ ಪಡಸಾಲಿಯ ದೀಪವೆಲ್ಲ ತಾನಾಗಿ ಹತ್ತುವಂತೆ ಒಂದು ರಿಲೇ ಕೊಟ್ಟಿದ್ದೇನೆ. ಬಾಗಿಲ ಅಗಳಿ ತೆಗೆಸಿ, ಹೊರಗಿಂದಲೂ ಬೀಗದ ಕೈಯಿಂದ ತೆಗೆಯುವಂಥ ಲಾಕು ಹಾಕಿಸಿದೆವು. ಒಂದು ಕೈ ಪಕ್ಕದ ಮನೆಯಲ್ಲಿ, ಆ ಹುಡುಗನ ಹತ್ತಿರ. ಅಲಾರಂ ಎಬ್ಬಿಸಬಲ್ಲುದೇ ಹೊರತು ಕೈ ಹಿಡಿದು ನಡೆಸಲಾರದು.

2025ರ ಮೇ 18ರಂದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರ್ಖಾನೆಗೆ ಬೆಳಗಿನ ಜಾವ ಬೆಂಕಿ ಬಿದ್ದು ಎಂಟು ಜನ ತೀರಿಕೊಂಡರು. ಮಾಲೀಕರ ಕುಟುಂಬವೂ ಕೂಸೂ ಅದರಲ್ಲಿದ್ದರು. ಅವರೆಲ್ಲ ಅಲ್ಲೇ ಮಲಗಿದ್ದವರು. ಸೊಲ್ಲಾಪುರದ ಮಗ್ಗಗಳಿಗೆ ದುಡಿಯಲು ಹೋದವರು ನಮ್ಮ ಭಾಗದ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಆ ವಾರವೆಲ್ಲ ಚಡಚಣದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು. ಆಮೇಲೆ ಜನ ಕೇಳಿಕೊಂಡು ಬರತೊಡಗಿದರು: ಮಹಡಿಯ ಮೇಲೆ ಮನೆ, ಕೆಳಗೆ ಕಿರಾಣಿ ಅಂಗಡಿ ಇಟ್ಟವರು, ಒಣದ್ರಾಕ್ಷಿ ಶೆಡ್ಡಿನಲ್ಲಿ ಆಳುಗಳನ್ನು ಮಲಗಿಸುವವರು, ಹತ್ತಿ ತುಂಬಿಡುವವರು. ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿಯದು ಚಲೋ, ಎಷ್ಟಾಗುತ್ತದೆ ಎಂದು. ನಾನು ಕೇಳುವುದು ರಾತ್ರಿ ಯಾರ್‍ಯಾರು ಎಲ್ಲಿ ಮಲಗುತ್ತಾರೆ ಎಂದು. ದ್ರಾಕ್ಷಿ ಶೆಡ್ಡಿನವರೊಬ್ಬರು ಈ ಪ್ರಶ್ನೆಗೆ ಬಹಳ ಹೊತ್ತು ಯೋಚಿಸಿದರು. ಆಳುಗಳು ಶೆಡ್ಡಿನ ಯಾವ ಮೂಲೆಯಲ್ಲಿ ಮಲಗುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಮರುದಿನ ರಾತ್ರಿ ತಾವೇ ಹೋಗಿ ನೋಡಿ ಬಂದು ಫೋನು ಮಾಡಿದರು. ತಗಡಿನ ಶೆಡ್ಡಾದ್ದರಿಂದ ಅಲ್ಲಿಗೆ ಸಾಮಾನ್ಯವಾಗಿ ಸಿಗುವ 57 ಡಿಗ್ರಿಯ ಶಾಖದ ಡಿಟೆಕ್ಟರ್ ನಡೆಯುವುದಿಲ್ಲ, ಮೇ ತಿಂಗಳ ಬಿಸಿಲಿಗೆ ತಗಡಿನ ಅಡಿಯಲ್ಲಿ ಸುಳ್ಳು ಕೂಗು ಬಂದೀತು. ಅದಕ್ಕಿಂತ ಮೇಲಿನ ದರ್ಜೆಯದು ತರಿಸಲು ಹೇಳಿದ್ದೇನೆ. ನಮ್ಮ ವೈರಮನ್ ಈಗ ಈ ಕೆಲಸಕ್ಕೆ ನನ್ನನ್ನು ಕಾಯುವುದಿಲ್ಲ, ಅಲ್ಲಿ ತಂತಿ ಎಳೆಯುವುದನ್ನು ಈ ವಾರ ಶುರು ಮಾಡಿದ್ದಾನೆ. ರೆಸಿಸ್ಟರ್ ಕೂರಿಸಿದ ಕೊನೆಯ ಹೂಟರಿನ ಫೋಟೋ ನಿನ್ನೆ ಕಳಿಸಿದ.